ಬಾಗಿಲ ಹಿಂದಿನ ಒಂದು ಗೇಣು ಗೋಡೆ

ಬೈಕುಲ್ಲಾದಲ್ಲಿ ಬೆಳಗು ಮಾಡುವವರು ಇಬ್ಬರು. ಒಬ್ಬ ಸೂರ್ಯ, ಅವನು ಆರೂವರೆ ದಾಟಿಸಿ, ಗಿರಣಿಯ ಹೊಗೆ ಸರಿಸಿಕೊಂಡು, ಬರಬೇಕೋ ಬೇಡವೋ ಎಂಬಂತೆ ಬರುತ್ತಾನೆ. ಇನ್ನೊಬ್ಬ ಹಾಜಿಮಲಂಗ. ಅವನು ಐದಕ್ಕೇ ಬಂದು, ಚಾಳಿನ ಮೂರನೇ ಮಾಳಿಗೆಯ ಖಾಲಿ ಖೋಲಿಯಲ್ಲಿ ಏಣಿ ಹತ್ತಿ, ಅರ್ಧ ಛಾವಣಿಗೆ ಸುಣ್ಣ ಹೊಡೆದು ಮುಗಿಸಿರುತ್ತಾನೆ. ಸೂರ್ಯನನ್ನು ಹೊಗಳುವವರು ಜಗತ್ತಿನ ತುಂಬ ಇದ್ದಾರೆ. ಮಲಂಗಣ್ಣನನ್ನು ಮಾತ್ರ ಇಪ್ಪತ್ಮೂರು ವರ್ಷದಲ್ಲಿ ಒಬ್ಬರೂ ತಲೆಯೆತ್ತಿ ನೋಡಿಲ್ಲ. ನೋಡಿದರೆ ಕಣ್ಣಿಗೆ ಸುಣ್ಣ ಬೀಳುತ್ತದೆ.

ಬರುವ ಬಕ್ರೀದಿಗೆ ಅವನಿಗೆ ನಲವತ್ತು ತುಂಬುತ್ತದೆ. ಕೂದಲು, ಹುಬ್ಬು, ರೆಪ್ಪೆ ಎಲ್ಲವೂ ಬೆಳ್ಳಗಿರುವುದರಿಂದ ಸಂಜೆ ಕಂಡವರು ತೊಂಬತ್ತು ಎನ್ನುತ್ತಾರೆ. ನಳದ ಕೆಳಗೆ ಕೂತೆದ್ದರೆ ಐವತ್ತು ವರ್ಷ ಹರಿದು ಮೋರಿಗೆ ಹೋಗುತ್ತದೆ. ಇಷ್ಟು ಬೇಗ ಬರುವುದಕ್ಕೂ ನಳವೇ ಕಾರಣ. ಐದೂವರೆಗೆ ನೀರು ಜೋರಾದರೆ ಇಡೀ ಮಾಳಿಗೆಯ ಹೆಂಗಸರು ಕೊಡ ಹಿಡಿದು ನಿಲ್ಲುತ್ತಾರೆ. ಅದಕ್ಕೂ ಮೊದಲು ಹತ್ತು ನಿಮಿಷ ಜಿನುಗುವ ಸಣ್ಣ ಧಾರೆ ಇವನ ಪಾಲು. ಮೂರು ರಾತ್ರಿ ನೆನೆದ ಸುಣ್ಣ, ಅಕ್ಕಿ ಗಂಜಿ, ಚಿಟಿಕೆ ನೀಲಿ, ಕತ್ತಾಳೆ ನಾರಿನ ಕುಂಚ. ಹಚ್ಚುವಾಗ ಗೋಡೆ ಬೂದಿ ಬಣ್ಣಕ್ಕಿರುತ್ತದೆ. ಒಂಬತ್ತು ಗಂಟೆಗೆ ಒಣಗಿ ಬೆಳ್ಳಗಾದಾಗ ಖೋಲಿ ಎರಡು ಅಡಿ ಅಗಲವಾಗಿಬಿಡುತ್ತದೆ. ಅವನು ಹಚ್ಚಿದ ಕೋಣೆಯಲ್ಲಿ ಒಂದು ಕಡ್ಡಿ ಗೀರಿದರೆ ಮೂರು ಮನೆಯವರು ಆ ಬೆಳಕಿನಲ್ಲಿ ಅಡಿಗೆ ಮಾಡಬಹುದು.

ನಾಲ್ಕೂ ಗೋಡೆ ಮುಗಿಯುತ್ತವೆ. ಮಲಂಗಣ್ಣ ಬಾಗಿಲನ್ನು ಎಳೆದು, ಅದರ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ನೆಲದಿಂದ ಮೊಳಕಾಲಿನ ಎತ್ತರದವರೆಗೂ ನೋಡುತ್ತಾನೆ. ಅಲ್ಲೊಂದು ಗೇಣಗಲದ ಜಾಗ ಹಳೆಯ ಕೊಳೆಯಲ್ಲೇ ಉಳಿದಿದೆ. ಅದಕ್ಕೆ ಕುಂಚ ತಾಗಿಲ್ಲ. ತಾಗಿಸುವುದೂ ಇಲ್ಲ. ಬಕೆಟ್ಟು ಎತ್ತಿಕೊಂಡು ಎದ್ದುಬಿಡುತ್ತಾನೆ.

ಒಂಬತ್ತೂವರೆಗೆ ದಲಾಲ ಪೂವಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಾನೆ. ಕರಾವಳಿಯ ಹೋಟೆಲಿನಲ್ಲಿ ಲೋಟ ತೊಳೆಯಲು ಮುಂಬೈಗೆ ಬಂದವನು ಈಗ ಖೋಲಿಗಳ ವ್ಯಾಪಾರಿ. ಮಾತಿನ ಚಳಕದಿಂದಲೇ ಚೌಪಾಟಿಯ ಸಮುದ್ರವನ್ನೇ ಎರಡು ಕಿಟಕಿಯ ಖೋಲಿ ಎಂದು ಮಾರಿ ಬರಬಲ್ಲ. ಗೋಡೆ ನೋಡಿ ಹಲ್ಲು ಬಿಡುತ್ತಾನೆ; ಬಾಗಿಲ ಹಿಂದೆ ಇಣುಕಿ ಹಲ್ಲು ಮುಚ್ಚುತ್ತಾನೆ.

"ಎಂಥದು ಮಾರಾಯಾ, ಪುನಃ ಬಿಟ್ಟಿದ್ದೀಯಲ್ಲ! ಸುಣ್ಣ ಸಾಕಾಗ್ಲಿಲ್ವಾ?"

"ಸುಣ್ಣ ಭಾಳ ಐತ್ರಿ ಸೇಟ."

"ಮತ್ತೆ ಹೊಡಿ!"

"ಅದು ಹಂಗ ಇರ್ಲಿ ಬಿಡ್ರಿ."

"ನಿನ್ನ ಊರ ಕಡೆಯವರು ಈಗ ಖೋಲಿ ನೋಡುದೇ ಇಲ್ಲ. ಚಪ್ಪಲಿ ಸಹ ಬಿಡದೆ ಸೀದಾ ಬಾಗಿಲ ಸಂದಿಗೆ ಹೋಗಿ ಕೂತ್ಕೊಳ್ತಾರೆ. ನಂಗೆ ನಾಚಿಕೆ ಆಗ್ತದೆ, ಗೊತ್ತುಂಟಾ?"

"ನೋಡ್ಲಿ ಬಿಡ್ರಿ. ನೋಡಾಕಂತನ ಇಟ್ಟೀನಿ."

ಪೂವಪ್ಪ ಹದಿನಾಲ್ಕು ರೂಪಾಯಿ ಕೂಲಿಯಲ್ಲಿ ಎರಡು ಮುರಿದುಕೊಂಡು ಕೊಡುತ್ತಾನೆ. ಬೇರೆಯವನನ್ನು ಕರೆಯಲು ಅವನಿಗೂ ಮನಸ್ಸಿಲ್ಲ. ಈ ಬಿಳುಪು ಬೇರೆ ಕೈಗೆ ಬರುವುದಿಲ್ಲ. ಮಲಂಗಣ್ಣ ಎಣಿಸದೆ ಜೇಬಿಗೆ ಹಾಕಿಕೊಂಡು ಏಣಿ ಹೊರುತ್ತಾನೆ.

ಹಾಜಿಮಲಂಗ ಇಂಡಿ ತಾಲೂಕಿನ ಕಡೆಯವನು. ೧೯೫೧ರಲ್ಲಿ, ಹದಿನೇಳರ ಪ್ರಾಯದಲ್ಲಿ, ಸೊಲ್ಲಾಪುರದ ಗಾಡಿ ಹತ್ತಿ ಬಂದು ಸೋದರಮಾವನ ಬಕೆಟ್ಟು ಹಿಡಿದ. ಅಂದಿನಿಂದ ಇಂದಿನವರೆಗೆ ಅವನು ಹಚ್ಚಿದ ಗೋಡೆಗಳನ್ನು ಬಿಚ್ಚಿ ಹಾಸಿದರೆ ಬೋರಿಬಂದರಿನಿಂದ ಇಂಡಿಯವರೆಗೆ ಬಿಳಿ ರಸ್ತೆಯಾಗುತ್ತದೆ. ಹಿಂದಿರುಗಿ ಬರುವಾಗ ಎರಡನೇ ಕೈ ಹೊಡೆಯುವಷ್ಟು ಸುಣ್ಣವೂ ಉಳಿಯುತ್ತದೆ. ಗೋಡೆಗಳ ರುಚಿ ಕೂಡ ಅವನಿಗೆ ಗೊತ್ತು. ಬೆರಳಿನಿಂದ ಗೀರಿ ನಾಲಿಗೆಗೆ ಇಟ್ಟುಕೊಳ್ಳುತ್ತಾನೆ. ಸಪ್ಪಗಿದ್ದರೆ ಗೋಡೆ ಒಣ. ಉಪ್ಪಾಗಿದ್ದರೆ ಎಲ್ಲಿಂದಲೋ ನೀರು ಕುಡಿಯುತ್ತಿದೆ. ಒಳಗೆ ಇಟ್ಟಿಗೆ ಹಿಟ್ಟಾಗುತ್ತಿದೆ. ಹೊರಗಿನಿಂದ ನೋಡಿದರೆ ಇಂಜಿನಿಯರನಿಗೂ ತಿಳಿಯುವುದಿಲ್ಲ. ಅದರಲ್ಲೂ ಮಲಂಗಣ್ಣ ಸುಣ್ಣ ಹೊಡೆದ ಮೇಲೆ ದೇವರಿಗೂ ತಿಳಿಯುವುದಿಲ್ಲ.

ಈ ಊರಿನಲ್ಲಿ ಸಣ್ಣವರು ಜಾಗ ಕೊಳ್ಳುವ ಬಗೆ ತಿಳಿದವರಿಗೆ ಮಾತ್ರ ಆ ಮಾತಿನ ಭಾರ ಗೊತ್ತಾಗುತ್ತದೆ. ಹಮಾಲಿ ಮಾಡುವವನು, ರೊಟ್ಟಿ ಬಡಿಯುವವಳು ನಾಲ್ಕು ಕಾಸು ಉಳಿಸಿದರೆ ಅದನ್ನು ಹಾಕುವುದು ಖೋಲಿಯ ಮೇಲೆ. ಕೊಳ್ಳುವುದು ಎನ್ನುತ್ತಾರೆ, ಕೊಂಡದ್ದು ಏನೂ ಇರುವುದಿಲ್ಲ. ಬಿಟ್ಟು ಹೋಗುವ ಬಾಡಿಗೆದಾರನ ಕೈಗೆ ದೊಡ್ಡ ಗಂಟು ಇಟ್ಟು ಒಳಗೆ ಕಾಲಿಡುವುದು. ಅದರ ಹೆಸರು ಪಗಡಿ. ಆ ಗಂಟಿಗೆ ರಸೀತಿ ಇಲ್ಲ. ಆಮೇಲೆ ಮಾಲೀಕನಿಗೆ ತಿಂಗಳ ಬಾಡಿಗೆ ಹದಿನಾಲ್ಕೇ ರೂಪಾಯಿ. ಖೋಲಿಯಲ್ಲಿ ಎಂಟು ಜನ ಒಂಟಿ ಗಂಡಸರನ್ನು ತಲೆಗೆ ಹತ್ತು ರೂಪಾಯಿಯಂತೆ ಇಟ್ಟುಕೊಂಡರೆ ತಿಂಗಳಿಗೆ ಅರವತ್ತಾರು ಉಳಿಯಿತು. ಮೂರು ಸಾವಿರದ ಇನ್ನೂರು ಕೊಟ್ಟವರಿಗೆ ಹಣ ತಿರುಗಿ ಬರಲು ನಾಲ್ಕು ವರ್ಷ. ಐದನೇ ವರ್ಷದಿಂದ ಲಾಭ. ಈ ಲೆಕ್ಕ ಬೈಕುಲ್ಲಾದ ಗೋಡೆಯ ಹಲ್ಲಿಗಳಿಗೂ ಬಾಯಿಪಾಠ. ಆ ನಾಲ್ಕು ವರ್ಷ ಗೋಡೆ ನಿಂತಿರಬೇಕು ಎಂಬುದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಹದಿನಾಲ್ಕು ರೂಪಾಯಿಯ ಮಾಲೀಕ ರಿಪೇರಿ ಮಾಡಿಸುವುದಿಲ್ಲ. ಹೋಗುವ ಬಾಡಿಗೆದಾರನಂತೂ ಮಾಡಿಸುವುದೇ ಇಲ್ಲ. ಅವನು ಸುಣ್ಣ ಹೊಡೆಸುತ್ತಾನೆ; ಐದು ವರ್ಷದ ಹಿಂದೆ ಅದಕ್ಕೆ ಹನ್ನೊಂದು ರೂಪಾಯಿ.

೧೯೬೯ರ ಮಾರ್ಚಿನಲ್ಲಿ ಆ ಹನ್ನೊಂದು ರೂಪಾಯಿ ಹಾಜಿಮಲಂಗನ ಕೈಗೆ ಬಂತು.

ಬೈಕುಲ್ಲಾದ ಹಳೆಯ ಚಾಳು, ಎರಡನೇ ಮಾಳಿಗೆ, ಮೂಲೆಯ ಖೋಲಿ. ಹಿಂದಿನ ಗೋಡೆಯ ಆಚೆಗೆ ಎಲ್ಲರೂ ಪಾತ್ರೆ ತೊಳೆಯುವ ಮೋರಿ. ಗೋಡೆ ಉಪ್ಪಾಗಿತ್ತು, ಮರದ ಕಂಬಕ್ಕೂ ಇಟ್ಟಿಗೆಗೂ ನಡುವೆ ಬೆರಳು ತೂರುವಷ್ಟು ಬಿರುಕು. ಮಲಂಗಣ್ಣ ಅದಕ್ಕೆ ಗೋಣಿ ನಾರು ತುರುಕಿ, ಗಾರೆ ಮೆತ್ತಿ, ಒಂದರ ಮೇಲೊಂದು ಮೂರು ಕೈ ಸುಣ್ಣ ಹೊಡೆದ. ಅವನ ಜೀವಮಾನದಲ್ಲೇ ಅಷ್ಟು ಚೆಂದದ ಕೆಲಸ ಆಗಿರಲಿಲ್ಲ. ಮೂರನೇ ಕೈ ನಡೆಯುತ್ತಿರುವಾಗ ಪೂವಪ್ಪ ಗಿರಾಕಿಯನ್ನು ಕರೆತಂದ. ಬಂದವಳು ಗುರುಬಾಯಿ.

ಗುರುಬಾಯಿ ಅವನ ಪಕ್ಕದ ಊರಿನವಳೇ. ಗಂಡ ಗೋದಿಯಲ್ಲಿ, ಎಂದರೆ ಹಡಗುಕಟ್ಟೆಯಲ್ಲಿ, ಮೂಟೆ ಹೊರುತ್ತಿದ್ದವನು ತೀರಿಕೊಂಡ ಮೇಲೆ, ಹದಿನೈದು ಕೂಲಿಕಾರರಿಗೆ ಎರಡು ಹೊತ್ತು ಜೋಳದ ರೊಟ್ಟಿ ಬಡಿದು ಹಾಕುತ್ತಿದ್ದಳು. ಆಕೆಯ ಕೈ ಸಪ್ಪಳಕ್ಕೆ ಓಣಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಹಬ್ಬಕ್ಕೆ ಮಲಂಗಣ್ಣನ ಮನೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಹೋಗುತ್ತಿತ್ತು. ಅಲ್ಲಿಂದ ಶೀರ್‌ಕುರ್ಮಾ ಬರುತ್ತಿತ್ತು. ಹನ್ನೊಂದು ವರ್ಷ ಭಿಶಿಯ ಚೀಟಿ ಕಟ್ಟಿ ಮೂರು ಸಾವಿರದ ಇನ್ನೂರು ಮಾಡಿದ್ದಳು. ಮುದುಕಿಯಾದ ಮೇಲೆ ರೊಟ್ಟಿ ಬಡಿಯಲಾಗದ ದಿನಕ್ಕೆ ಖೋಲಿ ಅನ್ನ ಹಾಕಬೇಕು ಎಂಬುದು ಅವಳ ಯೋಚನೆ.

ಆಕೆ ಹೊಸ್ತಿಲಲ್ಲಿ ನಿಂತು ಏಣಿಯ ಮೇಲಿದ್ದವನನ್ನು ನೋಡಿದಳು. ಮುಖ ಅರಳಿತು.

"ಅಯ್ಯ, ನೀ ಏನೋ ತಮ್ಮಾ! ನಿನ್ನ ಕೈ ಬಿದ್ದೈತಿ ಅಂದಮ್ಯಾಲ ಇನ್ನ ನಾ ನೋಡೂದೇನೈತಿ? ನಡೀರಿ ಪೂವಪ್ಪಣ್ಣ, ಮಾತಾಡೂನು."

ಬೇರೆ ಯಾವ ಸೀಮೆಯವರೇ ಆಗಿದ್ದರೂ ಗೋಡೆಗೆ ಒಂದು ಪೆಟ್ಟು ಹಾಕಿ ಸದ್ದು ಕೇಳುತ್ತಿದ್ದರು. ನಮ್ಮ ಕಡೆಯವರು ಗೋಡೆಯನ್ನು ನೋಡಲಿಲ್ಲ, ಹಚ್ಚಿದವನ ಊರು ನೋಡಿದರು. ಮಲಂಗಣ್ಣ ಏಣಿಯ ಮೇಲೆ ಒಂದು ಗಳಿಗೆ ಕುಂಚ ಹಿಡಿದು ನಿಂತ. ಕುಂಚದಿಂದ ಸುಣ್ಣ ಮೊಳಕೈವರೆಗೆ ಇಳಿಯಿತು. ಬಳಿಕ ಗೋಡೆಯ ಕಡೆ ತಿರುಗಿಕೊಂಡ.

"ಕೇಳಿದ್ರ ಹೇಳತಿದ್ನೋ ಇಲ್ಲೋ, ನನಗೂ ಗೊತ್ತಿಲ್ರಿ," ಎನ್ನುತ್ತಾನೆ ಈಗ. "ರೊಕ್ಕ ಕೊಟ್ಟವನ ಗ್ವಾಡಿಗೆ ಕೆಟ್ಟ ಮಾತಾಡಬಾರ್ದು ಅಂತ ಮಾಮು ಕಲಿಸಿದ್ರು. ಖರೇ ಹೇಳ್ಬೇಕಂದ್ರ ಮಾಮೂಂದು ನೆಪ. ಬಾಯಿ ಬಿಟ್ರ ನಾಳಿಂದ ಕೆಲಸ ಸಿಗಾಂಗಿಲ್ಲ ಅಂತ ಅಂಜಿದ್ನಿ. ಅಷ್ಟ."

ಖೋಲಿ ಹದಿನೈದು ತಿಂಗಳು ನಿಂತಿತು. ೧೯೭೦ರ ಜುಲೈಯ ಒಂದು ಮಧ್ಯಾಹ್ನ, ಎಂಟು ದಿನ ಬಿಡದೆ ಸುರಿದ ಮಳೆಯಲ್ಲಿ, ಮೋರಿಯ ಗೋಡೆ ಅರ್ಧ ಗ್ಯಾಲರಿಯನ್ನು ಕರೆದುಕೊಂಡು ಹೊರಕ್ಕೆ ಬಿತ್ತು. ಆ ಸದ್ದಿಗೆ ದಾದರಿನಲ್ಲಿ ಲೋಕಲ್ ಗಾಡಿ ನಿಂತಿತೆಂದು ಇಂದಿಗೂ ಹೇಳುವವರಿದ್ದಾರೆ. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು, ಗುರುಬಾಯಿ ಹಿಟ್ಟಿನ ಗಿರಣಿಯಲ್ಲಿದ್ದಳು. ಯಾರ ಜೀವವೂ ಹೋಗಲಿಲ್ಲ. ಸರ್ಕಾರದವರು ಕಟ್ಟಡವನ್ನು ಖಾಲಿ ಮಾಡಿಸಿದರು. ಮನೆ ಕಳೆದುಕೊಂಡವರಿಗೆ ಬದಲಿ ಜಾಗ ಕೊಡುವಾಗ ಬಾಡಿಗೆ ರಸೀತಿ ಕೇಳಿದರು. ಗುರುಬಾಯಿಯ ಖೋಲಿಯ ರಸೀತಿ ಇನ್ನೂ ಹಳೆಯ ಬಾಡಿಗೆದಾರನ ಹೆಸರಿನಲ್ಲೇ ಬರುತ್ತಿತ್ತು. ಹೆಸರು ಬದಲಿಸಲು ಮಾಲೀಕ ಎಂಟುನೂರು ಕೇಳಿದ್ದ, "ಬರುವ ವರ್ಷ ಮಾಡುವ ಅಕ್ಕ, ಅವಸರ ಎಂತಕ್ಕೆ?" ಎಂದಿದ್ದ ಪೂವಪ್ಪ. ಬದಲಿ ಖೋಲಿ ಹಳೆಯವನಿಗೆ ಹೋಯಿತು. ಪಗಡಿಯ ಹಣಕ್ಕೆ ಒಂದು ಚೂರು ಕಾಗದವೂ ಇರಲಿಲ್ಲ. ಬಾಡಿಗೆಯಿಂದ ಬಂದದ್ದು ಸಾವಿರಕ್ಕೆ ಹತ್ತು ಕಡಿಮೆ. ಉಳಿದದ್ದು ಗೋಡೆಯ ಜೊತೆಗೇ ಹೋಯಿತು.

ಗುರುಬಾಯಿ ಜೋಗೇಶ್ವರಿಗೆ ಹೋಗಿ ತಟ್ಟಿಯ ಗುಡಿಸಲು ಕಟ್ಟಿಕೊಂಡಳು. ಆ ವರ್ಷದ ರಂಜಾನಿಗೆ ಮೊದಲು ಮಲಂಗಣ್ಣ ಬಕೆಟ್ಟು, ಕುಂಚ ಹೊತ್ತು ಅಲ್ಲಿಗೆ ಹೋದ. ಬೇರೇನು ಒಯ್ಯಬೇಕೆಂದು ಅವನಿಗೆ ಹೊಳೆಯಲಿಲ್ಲ. "ಗುರಕ್ಕ, ಮನಿಗಿ ಸುಣ್ಣ ಹಚ್ಚಿ ಹೋಗ್ತೀನಿ," ಎಂದ. ಆಕೆ ಹಿಟ್ಟು ನಾದುತ್ತಲೇ ಹೇಳಿದಳು: "ಎದಕ್ಕ ಹಚ್ಚತಿ? ನನಗ ಗ್ವಾಡಿನ ಇಲ್ಲಲ್ಲೋ."

ಅವನು ತುಂಬಿದ ಬಕೆಟ್ಟನ್ನು ಹಾಗೆಯೇ ಹೊತ್ತು ಲೋಕಲಿನಲ್ಲಿ ವಾಪಸು ಬಂದ. ಇಬ್ಬರ ಪ್ಯಾಂಟಿನ ಮೇಲೆ ಚೆಲ್ಲಿತೆಂದು ಬಯ್ಯಿಸಿಕೊಂಡ.

ಗೇಣು ಜಾಗ ಬಿಡುವ ಪದ್ಧತಿ ಶುರುವಾದದ್ದು ಮರುದಿನ. ಅದಕ್ಕೆ ಅವನು "ಕಣ್ಣು" ಎನ್ನುತ್ತಾನೆ. ಖೋಲಿ ಎಲ್ಲಿ ಹಸಿಯಾಗಿದೆಯೋ ಅಲ್ಲೊಂದು, ಎಲ್ಲೂ ಹಸಿಯಿಲ್ಲದಿದ್ದರೆ ಬಾಗಿಲ ಹಿಂದೆ ಒಂದು. ಯಾರಿಗೂ ಹೇಳಲಿಲ್ಲ, ಬೋರ್ಡು ಬರೆಸಲಿಲ್ಲ. ಆದರೂ ಇಂಡಿ, ಸಿಂದಗಿ, ಅಫಜಲಪುರದವರಿಗೆಲ್ಲ ಗೊತ್ತಾಗಿಹೋಯಿತು. ಈಗ ಖೋಲಿ ನೋಡುವವರು ಮೊದಲು ಬಾಗಿಲ ಹಿಂದೆ ಕೂರುತ್ತಾರೆ, ಗೀರುತ್ತಾರೆ, ನೆಕ್ಕುತ್ತಾರೆ. ಮಲಂಗಣ್ಣ ಅಲ್ಲೇ ಇದ್ದರೆ, ಕುಂಚ ತೊಳೆಯುತ್ತ ಗೋಡೆಗೆ ಹೇಳಿದಂತೆ ಹೇಳುತ್ತಾನೆ: "ರಸೀತಿ ಯಾರ ಹೆಸರಿಗೆ ಬರತೈತಿ ಕೇಳ್ರಿ. ಹೆಸರು ಬದಲಾದ ದಿನಾನ ರೊಕ್ಕ ಕೊಡ್ರಿ, ಹಿಂದಿನ ದಿನ ಬ್ಯಾಡ. ಮೋರಿ ಎಲ್ಲೈತಿ ನೋಡ್ರಿ."

ಈ ಕಣ್ಣಿನಿಂದ ಉಳಿದುಕೊಂಡ ಕುಟುಂಬಗಳು ಲಕ್ಷ ಎಂದರೆ ಸ್ವಲ್ಪ ಹೆಚ್ಚಾಗಬಹುದು. ನಲವತ್ತು ಎಂದರೆ ಕಡಿಮೆಯಾಗುತ್ತದೆ. ಅವನ ಹೊಟ್ಟೆಗೆ ಬಿದ್ದ ಪೆಟ್ಟು ಮಾತ್ರ ಸರಿಯಾಗಿ ಗೊತ್ತು. ಮೊದಲು ತಿಂಗಳಿಗೆ ಇಪ್ಪತ್ತೈದು ಖೋಲಿ, ಈಗ ಹನ್ನೆರಡು. ಸುಣ್ಣದ ಖರ್ಚು ಕಳೆದರೆ ನೂರಿಪ್ಪತ್ತು ರೂಪಾಯಿ. ಹೆಂಡತಿ ಗೌಹರ ಕೌದಿ ಹೊಲಿದು ಕೊರತೆ ತುಂಬುತ್ತಾಳೆ; ತುಂಬುತ್ತ ನಾಲಿಗೆಗೂ ಕೆಲಸ ಕೊಡುತ್ತಾಳೆ.

"ಕ್ಯಾ ಬೋಲೂಂ ಇನಕೂ? ಏನ್ ಹೇಳ್ಲಿ? ಗ್ವಾಡಿಗೆ ಕಣ್ಣು ಬಿಟ್ಕೋತ ಹೊಂಟಾರ, ನಮ್ಮ ಒಲಿ ಕಣ್ಣು ಮುಚ್ಚೈತಿ," ಎನ್ನುತ್ತಾಳೆ ಗೌಹರ, ಸೂಜಿಯ ದಾರ ಕಚ್ಚಿ ಹರಿಯುತ್ತ. ಗಂಡ ನೀರು ತರಲು ಹೊರಗೆ ಹೋದ ಮೇಲೆ ದನಿ ಇಳಿಸುತ್ತಾಳೆ. "ಆ ಹನ್ನೊಂದು ರೂಪಾಯಿದಾಗ ಅವತ್ತ ಮಟನ್ ತಂದಿದ್ರು. ಛಲೋ ಇತ್ತು, ಎಲ್ಲಾರೂ ಉಂಡ್ವಿ. ಈಗ ನಾ ಮಟನ್ ಹೆಸರು ತಗದ್ರ ಸಾಕು, ಎದ್ದು ಹೊರಗ ಹೋಗ್ತಾರ."

ಗುರುಬಾಯಿಯ ಹತ್ತಿರ ರೊಟ್ಟಿ ಉಣ್ಣುವ ಗೌಂಡಿ ಸಾಯಬಣ್ಣ ಕಳೆದ ವಾರ ಒಂದು ಸುದ್ದಿ ತಂದ. ಆಕೆ ಮತ್ತೆ ಭಿಶಿ ಎತ್ತಿದ್ದಾಳೆ, ಹದಿನೆಂಟುನೂರು. ಐದು ವರ್ಷದ ಹಿಂದಿನ ಗಂಟಿಗಿಂತ ಚಿಕ್ಕದು, ಮೊಳಕಾಲು ಅಂದಿಗಿಂತ ದುರ್ಬಲ; ಇದೂ ಹೋದರೆ ಮತ್ತೊಂದು ಕೂಡುವುದಿಲ್ಲ. ಐತವಾರ ಜೋಗೇಶ್ವರಿಯಲ್ಲಿ ತಗಡಿನ ಪತ್ರಾ ಹೊದೆಸಿದ, ಇಟ್ಟಿಗೆ ಗೋಡೆಯ ಖೋಲಿಯೊಂದನ್ನು ನೋಡಲು ಹೊರಟಿದ್ದಾಳೆ.

ಐತವಾರ ಮಲಂಗಣ್ಣ ಬಕೆಟ್ಟು ಬಿಟ್ಟು, ಇಸ್ತ್ರಿಯ ಅಂಗಿ ಹಾಕಿಕೊಂಡು ಜೋಗೇಶ್ವರಿಗೆ ಹೋದ. ಗುರುಬಾಯಿ ಖೋಲಿಯ ಮುಂದೆ ನಿಂತಿದ್ದಳು. ಕೈಯಲ್ಲಿ ರೊಟ್ಟಿ ತಿರುವುವ ಕಬ್ಬಿಣದ ಸಟ್ಟುಗ.

"ನೀ ಯಾಕ ಬಂದಿ?"

"ಬಂದೆ ಗುರಕ್ಕ."

ಆಕೆ ಹೋಗು ಎನ್ನಲಿಲ್ಲ. ಒಳಗೆ ನಡೆದು, ಬಾಗಿಲ ಹಿಂದೆ, ಕಿಟಕಿಯ ಕೆಳಗೆ, ಹಿಂದಿನ ಮೂಲೆಯಲ್ಲಿ ಸಟ್ಟುಗದಿಂದ ಗೀರಿ ಬೆರಳನ್ನು ಬಾಯಿಗಿಟ್ಟುಕೊಂಡಳು. ಮಾರಲು ನಿಂತಿದ್ದ ಸೇವಂತಿ ಎಂಬ ಹೆಂಗಸು ಕರಾವಳಿಯವಳು, ಅವಳಿಗೆ ತಡೆಯಲಾಗಲಿಲ್ಲ.

"ನೀವು ಖೋಲಿ ನೋಡ್ಲಿಕ್ಕೆ ಬಂದದ್ದಾ, ತಿನ್ಲಿಕ್ಕೆ ಬಂದದ್ದಾ?"

"ರುಚಿ ಹತ್ತಿದ್ರ ತಗೋತೀವಿ," ಎಂದಳು ಗುರುಬಾಯಿ.

ಸೇವಂತಿಯ ಕಣ್ಣು ಮಲಂಗಣ್ಣನ ಉಗುರುಗಳ ಮೇಲೆ ಬಿತ್ತು. ಎಷ್ಟು ತೊಳೆದರೂ ಅವು ಬೆಳ್ಳಗೇ ಇರುತ್ತವೆ. "ಓ, ನೀವು ಸುಣ್ಣದವರಾ? ಹಾಗಾದ್ರೆ ಈ ಕೆಲಸ ನಿಮಗೇ. ಅಕ್ಕ ತಗೊಳ್ಳಲಿ, ತಗೊಳ್ಳದಿರಲಿ, ಇಪ್ಪತ್ತು ರೂಪಾಯಿ ಕೊಡ್ತೇನೆ. ಆಚೆ ಗಲ್ಲಿಯಲ್ಲಿ ನನ್ನ ಅಣ್ಣನದ್ದೂ ನಾಲ್ಕು ಖೋಲಿ ಉಂಟು. ನೋಡಿ ಹೇಳಿ, ಗೋಡೆ ಗಟ್ಟಿ ಇಲ್ವಾ?"

ಐದು ಖೋಲಿ, ನೂರು ರೂಪಾಯಿ. ಒಂದು ತಿಂಗಳ ದುಡಿಮೆಗೆ ಹತ್ತಿರ. ಮಲಂಗಣ್ಣ ಹಿಂದಿನ ಮೂಲೆಗೆ ಹೋಗಿ ಕೂತ. ಗುರುಬಾಯಿ ಗೀರಿದ ಜಾಗದ ಪಕ್ಕದಲ್ಲೇ ಗೀರಿದ. ನಾಲಿಗೆಗೆ ಇಟ್ಟುಕೊಂಡ. ಸಪ್ಪಗಿರಲಿ ಎಂದು ಅಷ್ಟು ಹೊತ್ತಿಗೆ ಎಷ್ಟು ಪೀರರಿಗೆ ಹರಕೆ ಹೊತ್ತನೋ ಅವನಿಗೇ ಗೊತ್ತು. ಸಪ್ಪಗಿದ್ದಿದ್ದರೆ ಆಕೆಗೆ ಒಂದು ಒಳ್ಳೆಯ ಮಾತು ಹೇಳಬಹುದಿತ್ತು.

ಉಪ್ಪಾಗಿತ್ತು.

ಎದ್ದು ನಿಂತ. ಮಾತು ಗಟ್ಟಿಯಾಗಿಯೇ ಬಂತು. "ಗ್ವಾಡಿ ನೀರು ಕುಡದೈತಿ ಅಕ್ಕ. ಹಿಂದ ಗಟಾರ ಐತಿ. ಎರಡು ಮಳಿಗಾಲ ತಡೀಬಹುದು, ಮೂರನೇದು ತಡಿಯಾಂಗಿಲ್ಲ. ಬ್ಯಾಡ."

ಸೇವಂತಿ ಅಂದದ್ದನ್ನು ಪತ್ರಿಕೆಯ ಪುರವಣಿಯಲ್ಲಿ ಹಾಕುವಂತಿಲ್ಲ. ಅವಳ ಬೈಗುಳಕ್ಕೆ ಪತ್ರಾದ ಮೇಲೆ ಕೂತಿದ್ದ ಕಾಗೆಗಳು ಅಂಧೇರಿಯವರೆಗೆ ಹಾರಿಹೋದವು. ಗುರುಬಾಯಿ ಸಟ್ಟುಗವನ್ನು ಸೆರಗಿನಿಂದ ಒರೆಸಿಕೊಂಡು ಹೊರಗೆ ನಡೆದಳು. ಹತ್ತು ಹೆಜ್ಜೆ ಹೋದ ಮೇಲೆ, ತಿರುಗಿ ನೋಡದೆ ಅಂದಳು:

"ನನಗ ಆವಾಗ್ಲೇ ಗೊತ್ತಾಗಿತ್ತು. ನೀ ಬಾಯಿ ಬಿಡ್ತಿಯೋ ಇಲ್ಲೋ ಅಂತ ನೋಡಾಕತ್ತಿದ್ದೆ."

ಮಲಂಗಣ್ಣ ಹೇಳಬೇಕಾದ ಮಾತು ಒಂದಿತ್ತು. ಅದರ ದಿನ ಐದು ವರ್ಷದ ಹಿಂದೆಯೇ ಹೋಗಿದೆ. ಆಕೆಯ ಕುಂಟುನಡಿಗೆಯ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆದ. ಲೆವೆಲ್ ಕ್ರಾಸಿಂಗಿನಲ್ಲಿ ಗೇಟು ಬಿದ್ದಿತ್ತು. ಇಬ್ಬರೂ ನಿಂತರು. ಎರಡು ಲೋಕಲ್ ಹೋದವು. ಗುರುಬಾಯಿ ಹಳಿಯ ಕಡೆಗೇ ನೋಡುತ್ತ, "ಮುಂದಿನ ಐತವಾರ ಮಲಾಡಿನಾಗ ಒಂದು ಖೋಲಿ ನೋಡೂದೈತಿ, ಎಂಟಕ್ಕ," ಎಂದಳು. ಗೇಟು ಎದ್ದಿತು. ಆಕೆ ತನ್ನ ದಾರಿ ಹಿಡಿದಳು.

ಅವಳು ಕ್ಷಮಿಸಿದಳೇ ಎಂದು ಕೇಳಿದರೆ ಮಲಂಗಣ್ಣ ಇಲ್ಲವೆಂದು ತಲೆಯಾಡಿಸುತ್ತಾನೆ. ಅಷ್ಟು ದೊಡ್ಡದನ್ನು ಅವನು ಬೇಡುವುದೂ ಇಲ್ಲ. ಬೈಕುಲ್ಲಾದ ನಳದ ಕೆಳಗೆ ಕುಂಚ ಹಿಂಡುತ್ತ, ಅದರ ನಾರುಗಳನ್ನು ಒಂದೊಂದಾಗಿ ಬಿಡಿಸುತ್ತ ಹೇಳುತ್ತಾನೆ:

"ಬಾ ಅಂತ ಕರದಿಲ್ರಿ ಆಕಿ. ಎಂಟಕ್ಕ ಐತಿ ಅಂತ ಹೇಳ್ಯಾಳ, ಅಷ್ಟ. ನಾ ಏಳೂವರಿಗೆ ಹೋಗಿ ನಿಂದರ್ತೀನಿ."